ಮೊಡವೆಗೂ ಊಟಕ್ಕೂ ಎಷ್ಟು ನಂಟು? ನನ್ನದೇ ಹಳೇ ಸಂಚಿಕೆಗೊಂದು ತಿದ್ದುಪಡಿ

ಇವತ್ತಿನ ಸಂಚಿಕೆ ಶುರು ಮಾಡೋ ಮುಂಚೆ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು.

ಸುಮಾರು ಎರಡು ವರ್ಷದ ಹಿಂದೆ ಇದೇ ಪಾಡ್‌ಕಾಸ್ಟ್‌ನಲ್ಲಿ ಮೊಡವೆ ಬಗ್ಗೆ ಒಂದು ಸಂಚಿಕೆ ಮಾಡಿದ್ದೆ. ಹನ್ನೆರಡೇ ನಿಮಿಷದ್ದು. ಅದರಲ್ಲಿ ಭಾರೀ ಧೈರ್ಯದಿಂದ ಹೇಳಿದ್ದೆ: ಹಾಲು ಬಿಡಿ, ಎಣ್ಣೆ ಬಿಡಿ, ಶೇಂಗಾ ಬಿಡಿ, ಅನ್ನ ಬಿಡಿ, ಮೂರು ವಾರದಲ್ಲಿ ಮುಖ ಕ್ಲಿಯರ್. ನನ್ನ ಸಂಚಿಕೆಗಳಲ್ಲಿ ಅತಿ ಹೆಚ್ಚು ಶೇರ್ ಆಗಿದ್ದು ಅದೇ.

ಮೊನ್ನೆ ಒಬ್ಬ ಕೇಳುಗರಿಂದ ವಾಯ್ಸ್ ನೋಟ್ ಬಂತು. ಡಿಗ್ರಿ ಎರಡನೇ ವರ್ಷ, ಹಾಸ್ಟೆಲ್‌ನಲ್ಲಿರೋ ಹುಡುಗಿ. "ಅಣ್ಣ, ನೀವು ಹೇಳಿದ್ದನ್ನೆಲ್ಲ ಬಿಟ್ಟೆ. ಮೆಸ್‌ನಲ್ಲಿ ಅವನ್ನೆಲ್ಲ ಬಿಟ್ಟರೆ ಉಳಿಯೋದು ಸಾರು, ಸೌತೆಕಾಯಿ ಅಷ್ಟೇ" ಅಂದಳು. ಐದು ತಿಂಗಳಲ್ಲಿ ತೂಕ 49 ಕೆ.ಜಿ.ಯಿಂದ 43ಕ್ಕೆ ಇಳಿದಿದೆ. ಮೂರು ತಿಂಗಳು ಮುಟ್ಟು ನಿಂತಿದೆ. ತಲೆಸುತ್ತು ಬಂದು ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.4. ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅಂತ ಲೆಕ್ಕ. ಡಾಕ್ಟರ್ ಕೇಳಿದರಂತೆ, "ಇದನ್ನೆಲ್ಲ ನಿನಗೆ ಯಾರಮ್ಮ ಹೇಳಿದ್ದು?" ಅಂತ. ಅವಳು ಏನಂತ ಉತ್ತರ ಕೊಟ್ಟಿರಬಹುದು, ನೀವೇ ಊಹಿಸಿ.

ಕೊನೆಗೆ ಒಂದು ಮಾತು ಸೇರಿಸಿದ್ದಳು: "ಮೊಡವೆ ಮಾತ್ರ ಹಾಗೇ ಇದೆ ಅಣ್ಣ."

ನಾನು ಡಾಕ್ಟರ್ ಅಲ್ಲ, ಬಿ.ಕಾಂ. ಓದಿದವನು. ಕಾಮರ್ಸ್ ಹುಡುಗರಿಗೆ ಲೆಕ್ಕದಲ್ಲಿನ ತಪ್ಪು ತಿದ್ದೋದು ಹೇಗೆ ಅಂತಲೇ ಒಂದು ಪಾಠ ಇರುತ್ತೆ. ಹಳೇ ಎಂಟ್ರಿಯನ್ನ ರಬ್ಬರ್ ಹಾಕಿ ಉಜ್ಜೋ ಹಾಗಿಲ್ಲ. ತಿದ್ದುಪಡಿಗೆ ಬೇರೆ ಎಂಟ್ರಿ ಹಾಕಬೇಕು, ಎರಡೂ ಕಣ್ಣಿಗೆ ಕಾಣಬೇಕು. ಹಳೇ ಸಂಚಿಕೆಯ ಶುರುವಿನಲ್ಲೇ ಈಗ ಎಚ್ಚರಿಕೆಯ ಮಾತು ಸೇರಿಸಿದ್ದೀನಿ. ಇವತ್ತಿನದು ಅದರ ತಿದ್ದುಪಡಿ ಎಂಟ್ರಿ.

ಮೊಡವೆ ಹುಟ್ಟೋದು ಹೇಗೆ?

ನಮ್ಮ ಚರ್ಮದ ಒಂದೊಂದು ಕೂದಲಿನ ಬುಡದಲ್ಲೂ ಸಣ್ಣ ಜಿಡ್ಡಿನ ಗ್ರಂಥಿ ಇದೆ. ಅದು ಮಾಡೋ ಜಿಡ್ಡಿಗೆ ಸೀಬಮ್ ಅಂತಾರೆ. ಚರ್ಮ ಒಣಗದ ಹಾಗೆ ನೋಡ್ಕೊಳ್ಳೋದು ಅದರ ಕೆಲಸ. ಹರೆಯಕ್ಕೆ ಬಂದಾಗ ಆಂಡ್ರೋಜೆನ್ ಹಾರ್ಮೋನು ಹೆಚ್ಚಾಗಿ ಜಿಡ್ಡೂ ಹೆಚ್ಚಾಗುತ್ತೆ. ಇದು ಹುಡುಗರಿಗೂ ಹುಡುಗಿಯರಿಗೂ ಆಗುತ್ತೆ. ಜೊತೆಗೆ ರಂಧ್ರದ ಒಳಗಿನ ಸತ್ತ ಚರ್ಮದ ಪದರ ಸರಿಯಾಗಿ ಉದುರದೆ ಬಾಯಿಗೆ ಮುಚ್ಚಳದ ಹಾಗೆ ಕೂತುಬಿಡುತ್ತೆ. ಒಳಗೆ ಸಿಕ್ಕಿಬಿದ್ದ ಜಿಡ್ಡಿನಲ್ಲಿ ಕ್ಯೂಟಿಬ್ಯಾಕ್ಟೀರಿಯಂ ಆಕ್ನೆಸ್ ಅನ್ನೋ ಬ್ಯಾಕ್ಟೀರಿಯಾ ಹೆಚ್ಚುತ್ತೆ. ಇದು ಎಲ್ಲರ ಮುಖದಲ್ಲೂ ಇರೋದೇ. ಆಮೇಲೆ ಉರಿಯೂತ: ಕೆಂಪು, ಊತ, ನೋವು, ಕೀವು.

ಜಿಡ್ಡು, ಮುಚ್ಚಳ, ಬ್ಯಾಕ್ಟೀರಿಯಾ, ಉರಿಯೂತ ಈ ನಾಲ್ಕೂ ಸೇರಿದರೆ ಮೊಡವೆ. ಇದರಲ್ಲಿ ಅಪ್ಪ-ಅಮ್ಮನಿಂದ ಬಂದ ಗುಣದ ಪಾಲು ದೊಡ್ಡದು. ಅಂದರೆ ನಿಮ್ಮ ರೂಮ್‌ಮೇಟ್ ದಿನಾ ಗೋಬಿ ಮಂಚೂರಿ ತಿಂದೂ ಫಳಫಳ ಅಂತಿದ್ದರೆ ಅದು ಅನ್ಯಾಯ ನಿಜ, ಆದರೆ ಆಶ್ಚರ್ಯ ಅಲ್ಲ.

ಊಟ ಬರೋದು ಎಲ್ಲಿ? ಮುಖ್ಯವಾಗಿ ಇನ್ಸುಲಿನ್ ದಾರಿಯಲ್ಲಿ. ರಕ್ತದಲ್ಲಿ ಸಕ್ಕರೆ ದಿಢೀರ್ ಏರಿದರೆ ಇನ್ಸುಲಿನ್ ಕೂಡ ಜೋರಾಗಿ ಏರುತ್ತೆ. ಅದರ ಜೊತೆ ಐಜಿಎಫ್-1 ಅನ್ನೋ ಬೆಳವಣಿಗೆಯ ಹಾರ್ಮೋನಿನ ಪ್ರಭಾವವೂ ಹೆಚ್ಚುತ್ತೆ. ಇವೆರಡೂ ಜಿಡ್ಡಿನ ಗ್ರಂಥಿಗೆ "ಇನ್ನೂ ಕೆಲಸ ಮಾಡು" ಅಂತ ಹೇಳೋ ಸಂದೇಶಗಳು. ಹಾಗಾಗಿ ಊಟಕ್ಕೂ ಮೊಡವೆಗೂ ನಂಟೇ ಇಲ್ಲ ಅನ್ನೋದು ತಪ್ಪು. ಊಟದಿಂದಲೇ ಮೊಡವೆ ಅನ್ನೋದು ಅದಕ್ಕಿಂತ ದೊಡ್ಡ ತಪ್ಪು. ನಾನು ಮಾಡಿದ್ದು ಈ ಎರಡನೇದನ್ನ.

ಸಕ್ಕರೆ: ದರ ಮತ್ತು ಪ್ರಮಾಣ

ಗ್ಲೈಸೆಮಿಕ್ ಇಂಡೆಕ್ಸ್ ಅನ್ನೋ ಪದ ಕೇಳಿರ್ತೀರಿ. 1981ರಲ್ಲಿ ಟೊರೊಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಅವರ ತಂಡ ಕೊಟ್ಟ ಅಳತೆ ಇದು. ಒಂದು ಆಹಾರ ರಕ್ತದ ಸಕ್ಕರೆಯನ್ನ ಎಷ್ಟು ಏರಿಸುತ್ತೆ ಅಂತ ಗ್ಲೂಕೋಸ್‌ಗೆ 100 ಇಟ್ಟು ಹೋಲಿಸ್ತಾರೆ.

ಆದರೆ ಇದು ಬರೀ ದರ. ದರ ಗೊತ್ತಾದರೆ ಬಿಲ್ ಗೊತ್ತಾಗಲ್ಲ, ಪ್ರಮಾಣವೂ ಬೇಕು. ಎರಡನ್ನೂ ಗುಣಿಸಿದರೆ ಸಿಗೋದೇ ಗ್ಲೈಸೆಮಿಕ್ ಲೋಡ್. ಕಲ್ಲಂಗಡಿ ಹಣ್ಣಿನ ಇಂಡೆಕ್ಸ್ 70ಕ್ಕೂ ಹೆಚ್ಚು, ಕೇಳಿದರೆ ಗಾಬರಿ ಆಗುತ್ತೆ. ಆದರೆ 100 ಗ್ರಾಂ ಹಣ್ಣಿನಲ್ಲಿ ಬಹುಪಾಲು ನೀರೇ. ಹಾಗಾಗಿ ಅದರ ಲೋಡ್ ಸುಮಾರು 5 ಮಾತ್ರ. ಅದೇ ಒಂದು ಕಪ್, ಅಂದರೆ 150 ಗ್ರಾಂ ಬಿಳಿ ಅನ್ನದ ಲೋಡ್ 28ರ ಆಸುಪಾಸು. ಮೆಸ್‌ನಲ್ಲಿ ನಾವು ಒಂದು ಕಪ್‌ಗೆ ನಿಲ್ಲಿಸ್ತೀವಾ? ಹೇಳಿ!

ಈಗ ಪ್ರಯೋಗಕ್ಕೆ ಬರೋಣ. 2007ರಲ್ಲಿ ಪ್ರಕಟವಾದ ಅಧ್ಯಯನ ಒಂದಿದೆ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದದ್ದು. 15ರಿಂದ 25 ವಯಸ್ಸಿನ 43 ಹುಡುಗರನ್ನ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಡಿಮೆ ಗ್ಲೈಸೆಮಿಕ್ ಲೋಡ್ ಇರೋ, ಪ್ರೋಟೀನ್ ಹೆಚ್ಚಿರೋ ಊಟ. ಇನ್ನೊಂದಕ್ಕೆ ಎಂದಿನ ಹಾಗೆ ಕಾರ್ಬೋಹೈಡ್ರೇಟ್ ಹೆಚ್ಚಿರೋ ಊಟ. 12 ವಾರ ಆದ ಮೇಲೆ ಮೊದಲ ಗುಂಪಿನಲ್ಲಿ ಸರಾಸರಿ 23.5 ಮೊಡವೆ ಕಡಿಮೆಯಾಗಿದ್ದವು.

ನಾನು ಹಳೇ ಸಂಚಿಕೆಯಲ್ಲಿ ಇಲ್ಲಿಗೇ ನಿಲ್ಲಿಸಿದ್ದೆ. ಪೂರ್ತಿ ಓದಿದರೆ ಇನ್ನೊಂದು ಸಂಖ್ಯೆ ಇದೆ. ಊಟದ ಬಗೆ ಬದಲಿಸದ ಗುಂಪಿನಲ್ಲೂ 12 ಮೊಡವೆ ಕಡಿಮೆಯಾಗಿದ್ದವು! ಮೊಡವೆ ತಾನಾಗಿ ಏರುತ್ತೆ, ತಾನಾಗಿ ಇಳಿಯುತ್ತೆ. ಅಂದರೆ ಊಟದ ಖಾತೆಗೆ ಸೇರಬೇಕಾದ ಲಾಭ 23.5 ಅಲ್ಲ, 11.5. ಅದರಲ್ಲೂ ಆ ಗುಂಪಿನವರ ತೂಕ ಸರಾಸರಿ 3 ಕೆ.ಜಿ.ಯಷ್ಟು ಇಳಿದಿತ್ತು. ಗುಣ ಕಂಡಿದ್ದು ಊಟ ಬದಲಿಸಿದ್ದಕ್ಕಾ, ತೂಕ ಇಳಿದಿದ್ದಕ್ಕಾ ಅಂತ ಬಿಡಿಸಿ ಹೇಳೋದು ಕಷ್ಟ. ಲಾಭ ಇದೆ, ಸುಳ್ಳಲ್ಲ. ಆದರೆ ಅದು ಮೂರು ವಾರದ ಪವಾಡ ಅಲ್ಲ, ಅನ್ನ ಬಿಟ್ಟು ಉಪವಾಸ ಕೂರೋ ವ್ರತವೂ ಅಲ್ಲ.

ಇನ್ನೊಂದು ಕಥೆ ರೀಲ್ಸ್‌ಗಳಲ್ಲಿ ಬಹಳ ಓಡಾಡುತ್ತೆ. ಪಪುವಾ ನ್ಯೂಗಿನಿಯ ಕಿಟಾವ ದ್ವೀಪದಲ್ಲಿ 1200 ಜನರನ್ನ ಪರೀಕ್ಷೆ ಮಾಡಿದರೆ ಒಬ್ಬರಿಗೂ ಮೊಡವೆ ಇರಲಿಲ್ಲ ಅನ್ನೋದು. ಇದು 2002ರಲ್ಲಿ ಪ್ರಕಟವಾದ ನಿಜವಾದ ಅಧ್ಯಯನ. ಅವರ ಊಟ ಗೆಡ್ಡೆಗೆಣಸು, ಹಣ್ಣು, ಮೀನು, ತೆಂಗು. ಆದರೆ ಅವರ ವಂಶವಾಹಿ, ದುಡಿಮೆ, ದಿನಚರಿ ಎಲ್ಲವೂ ನಮಗಿಂತ ಬೇರೆ. ಅವರ ತಟ್ಟೆಯನ್ನಷ್ಟೇ ಎತ್ತಿಕೊಂಡು ಬಂದು ಬೆಂಗಳೂರಿನ ಪಿಜಿಯಲ್ಲಿಟ್ಟರೆ ಅದೇ ಮುಖ ಬರುತ್ತೆ ಅಂತ ಆ ಅಧ್ಯಯನ ಹೇಳಲ್ಲ.

ಹಾಲು ಮತ್ತು ಜಿಮ್ ಡಬ್ಬಿ

ಹಾಲಿನ ವಿಷಯ ಸ್ವಲ್ಪ ತೊಡಕಿನದು. ಹಾಲಿನ ಗ್ಲೈಸೆಮಿಕ್ ಇಂಡೆಕ್ಸ್ ಕಡಿಮೆ, ಆದರೂ ಅದು ಇನ್ಸುಲಿನ್ ಅನ್ನ ಚೆನ್ನಾಗೇ ಏರಿಸುತ್ತೆ. 2005ರಲ್ಲಿ ಅಮೆರಿಕದಲ್ಲಿ 47,355 ನರ್ಸ್‌ಗಳಿಗೆ "ಹೈಸ್ಕೂಲಿನಲ್ಲಿದ್ದಾಗ ಏನು ತಿಂತಿದ್ದಿರಿ, ಡಾಕ್ಟರ್ ಹೇಳಿದಂಥ ತೀವ್ರ ಮೊಡವೆ ಇತ್ತಾ" ಅಂತ ಕೇಳಿದ ಅಧ್ಯಯನ ಬಂತು. ಹಾಲು ಹೆಚ್ಚು ಕುಡಿದವರಲ್ಲಿ ಮೊಡವೆ ಸ್ವಲ್ಪ ಹೆಚ್ಚು ಕಂಡಿತ್ತು. ಎದ್ದು ಕಂಡಿದ್ದು ಕೆನೆ ತೆಗೆದ ಹಾಲಿನಲ್ಲಿ. ಅಂದರೆ "ಕೊಬ್ಬಿನಿಂದ ಮೊಡವೆ" ಅಂತ ಸ್ಕಿಮ್ಡ್ ಹಾಲಿಗೆ ಬದಲಾದವರ ಲೆಕ್ಕ ಇಲ್ಲಿ ಉಲ್ಟಾ.

2018ರಲ್ಲಿ ಹಲವು ಅಧ್ಯಯನಗಳ 78,529 ಮಕ್ಕಳು, ಯುವಜನರ ಮಾಹಿತಿ ಒಟ್ಟು ಮಾಡಿ ನೋಡಿದರು. ಹಾಲಿನ ಪದಾರ್ಥ ಬಳಸುವವರಲ್ಲಿ ಮೊಡವೆಯ ಸಂಭವ ಬಳಸದವರಿಗೆ ಹೋಲಿಸಿದರೆ 1.25 ಪಟ್ಟು. ಇದು ನಂಟು. ಹಾಲೇ ಕಾರಣ ಅಂತ ಕೊಟ್ಟ ತೀರ್ಪಲ್ಲ. ಎಷ್ಟೋ ಜನ ಹಾಲು ಕುಡಿದೂ ಆರಾಮಾಗಿರ್ತಾರೆ, ಎಷ್ಟೋ ಜನ ಬಿಟ್ಟೂ ಒದ್ದಾಡ್ತಾರೆ.

ನನ್ನ ಕಥೆ ಈಗ ಹೇಳ್ತೀನಿ. ಡಿಗ್ರಿ ಮುಗಿದ ಹೊಸದರಲ್ಲಿ ನನ್ನ ದವಡೆ, ಬೆನ್ನು ತುಂಬ ಗಂಟು ಗಂಟು ಮೊಡವೆ. ಶೇವ್ ಮಾಡಿದರೆ ರಕ್ತ. ಇಂಟರ್‌ವ್ಯೂನಲ್ಲಿ ಎದುರಿಗಿದ್ದವರು ನನ್ನ ಕಣ್ಣು ಬಿಟ್ಟು ಗಲ್ಲ ನೋಡ್ತಿದ್ದರು. ಹಾಲು ಬಿಟ್ಟೆ, ಕಡಿಮೆಯಾಯಿತು. ಅಲ್ಲಿಂದ ಹಾಲೇ ವಿಲನ್ ಅಂತ ಊರಿಗೆಲ್ಲ ಸಾರಿದೆ.

ಆ ವರ್ಷದ ಮೊಬೈಲ್ ಫೋಟೋ, ಔಷಧಿ ಬಿಲ್ ಎಲ್ಲ ಮೊನ್ನೆ ತೆಗೆದು ನೋಡಿದೆ. ಹಾಲು ಬಿಟ್ಟ ತಿಂಗಳಲ್ಲೇ ಜಿಮ್ ಬಿಟ್ಟಿದ್ದೆ, ಅದರ ಜೊತೆ ವೇ ಪ್ರೋಟೀನ್ ಡಬ್ಬಿಯನ್ನೂ. ಅದೇ ತಿಂಗಳು ಚರ್ಮದ ಡಾಕ್ಟರ್ ಒಂದು ಜೆಲ್ ಬರೆದು ಕೊಟ್ಟಿದ್ದರು. ಜೊತೆಗೆ ನೈಟ್ ಶಿಫ್ಟ್ ಮುಗಿದು ನಿದ್ದೆ ಸರಿಹೋಗಿತ್ತು. ನಾಲ್ಕು ಖಾತೆಯ ಲಾಭವನ್ನ ಹಾಲು ಅನ್ನೋ ಒಂದೇ ಖಾತೆಗೆ ಜಮಾ ಮಾಡಿಬಿಟ್ಟಿದ್ದೆ. ಯಾವ ಆಡಿಟರೂ ಒಪ್ಪಲ್ಲ ಇದನ್ನ.

ವೇ ಅಂದರೆ ಹಾಲು ಒಡೆದಾಗ ಉಳಿಯೋ ತಿಳಿನೀರಿನ ಪ್ರೋಟೀನು. ಇನ್ಸುಲಿನ್ ಏರಿಸೋದರಲ್ಲಿ ಇದು ಚುರುಕು. ಇದನ್ನ ಶುರು ಮಾಡಿದ ಮೇಲೆ ಮೊಡವೆ ಎದ್ದ ಯುವಕರ ಬಗ್ಗೆ 2012ರಿಂದಲೇ ಡಾಕ್ಟರ್‌ಗಳು ವರದಿ ಮಾಡಿದ್ದಾರೆ. ಸಣ್ಣ ಸಣ್ಣ ವರದಿಗಳು ಅವು. ಆದರೂ ಜಿಮ್ ಸೇರಿ ಎರಡು-ಮೂರು ತಿಂಗಳಲ್ಲಿ ಬೆನ್ನು, ಭುಜದ ಮೇಲೆ ಮೊಡವೆ ಎದ್ದಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಆ ಡಬ್ಬಿಯ ಮೇಲೆ, ಅಮ್ಮ ಕೊಡೋ ಮಜ್ಜಿಗೆ ಮೇಲಲ್ಲ. ವೇ ಇಲ್ಲದಿದ್ದರೂ ಮೊಟ್ಟೆ, ಬೇಳೆ, ಕಾಳಿನಲ್ಲಿ ಪ್ರೋಟೀನ್ ಇದ್ದೇ ಇದೆ.

ಎಣ್ಣೆ, ಶೇಂಗಾ, ಚಾಕೊಲೇಟ್, "ಹೀಟು"

ಎಣ್ಣೆ ತಿಂದರೆ ಅದೇ ಎಣ್ಣೆ ಮುಖದಲ್ಲಿ ಒಸರಲ್ಲ. ಮುಖದ ಜಿಡ್ಡು ಗ್ರಂಥಿ ತಾನೇ ತಯಾರಿಸೋದು, ಹಾರ್ಮೋನಿನ ಮಾತು ಕೇಳಿ. ಹಾಗಂತ ದಿನಾ ಬೋಂಡಾ ತಿನ್ನಿ ಅಂತಲ್ಲ. ಬೇಕರಿ ಪಫ್, ಸಮೋಸ ತಿನ್ನುವಾಗ ಹೊಟ್ಟೆ ಸೇರೋದು ಎಣ್ಣೆ ಒಂದೇ ಅಲ್ಲ, ಮೈದಾ ಕೂಡ. ಜೊತೆಗೊಂದು ಸಿಹಿ ಟೀ ಅಥವಾ ಕೂಲ್‌ಡ್ರಿಂಕ್ಸ್ ಇದ್ದೇ ಇರುತ್ತೆ.

ಶೇಂಗಾ ವಿಷಯಕ್ಕೆ ನಾನು ವಿಶೇಷವಾಗಿ ಕ್ಷಮೆ ಕೇಳ್ತೀನಿ. ರಕ್ತದ ಸಕ್ಕರೆಯನ್ನ ತೀರಾ ಕಡಿಮೆ ಏರಿಸೋ ತಿಂಡಿಗಳಲ್ಲಿ ಅದೂ ಒಂದು. ಹಾಸ್ಟೆಲ್ ಹುಡುಗರಿಗೆ ಹತ್ತು-ಇಪ್ಪತ್ತು ರೂಪಾಯಿಗೆ ಸಿಗೋ ಪ್ರೋಟೀನು ಅದು. ಒಂದು ಹಿಡಿ ಹುರಿದ ಶೇಂಗಾ ಬಿಡಿಸಿ, ಗ್ಲೂಕೋಸ್ ಬಿಸ್ಕೆಟ್ ತಿನ್ನೋ ಹಾಗೆ ಮಾಡಿದರೆ ಲೆಕ್ಕ ಹಿಂದಕ್ಕೆ ಹೋಯಿತು ಅಂತಲೇ ಅರ್ಥ.

ಚಾಕೊಲೇಟ್ ಬಗ್ಗೆ 1969ರಲ್ಲಿ ಅಮೆರಿಕದಲ್ಲಿ 65 ಜನರ ಮೇಲೆ ಒಂದು ಪ್ರಯೋಗ ಆಯಿತು. ಚಾಕೊಲೇಟ್ ಬಾರ್ ತಿಂದಾಗಲೂ ಚಾಕೊಲೇಟ್ ಇಲ್ಲದ ಬಾರ್ ತಿಂದಾಗಲೂ ಮೊಡವೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. "ಊಟಕ್ಕೂ ಮೊಡವೆಗೂ ಸಂಬಂಧವಿಲ್ಲ" ಅನ್ನೋ ಮಾತು ದಶಕಗಳ ಕಾಲ ನಿಂತಿದ್ದರಲ್ಲಿ ಇದರ ಪಾಲು ದೊಡ್ಡದು. ಆದರೆ ಆ ಇನ್ನೊಂದು ಬಾರ್‌ನಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು! ಸಕ್ಕರೆಯನ್ನ ಸಕ್ಕರೆ ಜೊತೆಗೇ ತೂಗಿದರೆ ತಕ್ಕಡಿ ಅಲ್ಲಾಡುತ್ತಾ?

ಇನ್ನು ನಮ್ಮ ಮನೆಗಳ ಮಾತು: "ಮಾವಿನಹಣ್ಣು ತಿಂದು ಹೀಟ್ ಆಗಿದೆ, ಉಷ್ಣಕ್ಕೆ ಎದ್ದಿದೆ." ಅಜ್ಜಿಯರನ್ನ ಗೇಲಿ ಮಾಡೋಕೆ ನನಗಿಷ್ಟವಿಲ್ಲ, ಅವರು ಕಣ್ಣಾರೆ ಕಂಡಿದ್ದನ್ನೇ ಹೇಳೋದು. ಆದರೆ ಮಾವಿನ ಕಾಲವೇ ಬಿಸಿಲು, ಬೆವರಿನ ಕಾಲ. ಬೆವರು, ಸೆಕೆಗೆ ಕೆಲವರಿಗೆ ಮೊಡವೆ ಹೆಚ್ಚೋದುಂಟು. ಎರಡೂ ಒಟ್ಟಿಗೆ ಬಂದಾಗ ಆಪಾದನೆ ಹೊರೋದು ಪಾಪ ಹಣ್ಣು.

ಬಿಡೋದಲ್ಲ, ಸೇರಿಸೋದು

ಹಾಗಾದರೆ ಏನು ಮಾಡಬೇಕು? ಮೊದಲು ಕುಡಿಯೋ ಸಕ್ಕರೆಯಿಂದ ಶುರು ಮಾಡಿ. ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಟೀ ಚಮಚ ಸಕ್ಕರೆ ಅಂದರೆ 32 ಗ್ರಾಂ ಆಯಿತು. ಒಂದು 300 ಎಂ.ಎಲ್. ಕೂಲ್‌ಡ್ರಿಂಕ್ಸ್ ಸೇರಿಸಿದರೆ ಇನ್ನೂ 30 ಗ್ರಾಂ ಮೇಲೆ. ದಿನಕ್ಕೆ 2000 ಕ್ಯಾಲೊರಿ ತಿನ್ನೋರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರೋ ಮೇಲಿನ ಗೆರೆಯೇ 50 ಗ್ರಾಂ. ಇದನ್ನ ಕಡಿಮೆ ಮಾಡಿದರೆ ದೇಹಕ್ಕೆ ಏನೂ ಕೊರತೆ ಆಗಲ್ಲ. ಮೊಡವೆ ಕಡಿಮೆಯಾಗದಿದ್ದರೂ ನಷ್ಟವಿಲ್ಲದ ವ್ಯವಹಾರ.

ಆಮೇಲೆ ತಟ್ಟೆ. ಅನ್ನ ಬಿಡಬೇಡಿ. ಮೂರು ಸೌಟು ಅನ್ನಕ್ಕೆ ಬರೀ ತಿಳಿಸಾರು ಹಾಕ್ಕೊಳ್ಳೋ ಬದಲು ಎರಡು ಸೌಟು ಅನ್ನ, ಜೊತೆಗೆ ಹೆಸರುಕಾಳಿನ ಪಲ್ಯ ಅಥವಾ ಗಟ್ಟಿ ಬೇಳೆ, ಸೊಪ್ಪು, ಆದರೆ ಒಂದು ಮೊಟ್ಟೆ. ಪ್ರೋಟೀನು, ನಾರು ಜೊತೆಗಿದ್ದರೆ ಸಕ್ಕರೆ ನಿಧಾನಕ್ಕೆ ಏರುತ್ತೆ. ರಾಗಿಯೂ ಮ್ಯಾಜಿಕ್ ಅಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ರಕ್ತದ ಸಕ್ಕರೆ ಏರಿಸುತ್ತೆ. ಮುದ್ದೆಗೆ ಬಸ್ಸಾರು, ಕಾಳು ಸೇರಿದರೆ ಅದು ಪೂರ್ತಿ ಊಟ. ನಮ್ಮ ಹಿರಿಯರು ಹಾಗೇ ತಾನೇ ಉಂಡಿದ್ದು.

ಹಾಲೇ ಕಾರಣವಾ ಅಂತ ನೋಡಬೇಕಾ? ನೋಡಿ, ಆದರೆ ಲೆಕ್ಕ ಇಟ್ಟು ನೋಡಿ. ಮೊದಲ ನಾಲ್ಕು ವಾರ ಏನೂ ಬದಲಿಸಬೇಡಿ. ಪ್ರತಿ ಭಾನುವಾರ ಒಂದೇ ಜಾಗ, ಒಂದೇ ಬೆಳಕಿನಲ್ಲಿ ಫೋಟೋ ತೆಗೆದು, ಹೊಸ ಮೊಡವೆ ಎಷ್ಟು ಅಂತ ಬರೆದಿಡಿ. ಮುಟ್ಟಿನ ಮುಂಚಿನ ವಾರ ಮೊಡವೆ ಹೆಚ್ಚೋದು ಸಾಮಾನ್ಯ. ಹಾಗಾಗಿ ಹುಡುಗಿಯರು ಒಂದು ತಿಂಗಳನ್ನ ಇನ್ನೊಂದು ತಿಂಗಳ ಅದೇ ವಾರದ ಜೊತೆ ಹೋಲಿಸಬೇಕು. ಆಮೇಲೆ ಒಂದೇ ಒಂದು ವಸ್ತು ಬದಲಿಸಿ, 12 ವಾರ. ಮೊಡವೆ ಕಣ್ಣಿಗೆ ಕಾಣೋ ವಾರಗಳ ಮುಂಚೆಯೇ ಒಳಗೆ ಶುರುವಾಗಿರುತ್ತೆ, ಅದಕ್ಕೇ ಮೂರು ದಿನದ ಪರೀಕ್ಷೆಗೆ ಬೆಲೆಯಿಲ್ಲ. ವ್ಯತ್ಯಾಸ ಕಾಣದಿದ್ದರೆ ಆ ವಸ್ತುವನ್ನ ಗೌರವದಿಂದ ತಟ್ಟೆಗೆ ವಾಪಸ್ ಕರೆಯಿರಿ.

ಹಾಲು ನಿಲ್ಲಿಸೋ ಆ 12 ವಾರ ಬದಲಿ ಏನು ಅಂತ ಮೊದಲೇ ಯೋಚಿಸಿ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ನಮ್ಮ ದೇಶದ ಶಿಫಾರಸು. ದೊಡ್ಡ ಲೋಟ ಹಾಲಿನಲ್ಲಿ ಸುಮಾರು 300 ಮಿಲಿಗ್ರಾಂ ಇರುತ್ತೆ. 100 ಗ್ರಾಂ ರಾಗಿಯಲ್ಲಿ ಸುಮಾರು 350. ಎಳ್ಳು, ಸೊಪ್ಪು ಕೂಡ ಇವೆ. ಬದಲಿ ಸಿಗದ ಹಾಸ್ಟೆಲ್ ಆದರೆ ಈ ಪ್ರಯೋಗಕ್ಕೆ ಕೈ ಹಾಕಲೇಬೇಡಿ.

ಊಟದ ಕೈಲಾಗದ್ದು

ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಮೊಡವೆಗೆ ಇಂಥದ್ದೇ ಪಥ್ಯ ಅಂತ ಹೇಳೋಕೆ ಸಾಕಷ್ಟು ಪುರಾವೆ ಇಲ್ಲ ಅಂದಿದೆ. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ 2024ರ ಮಾರ್ಗಸೂಚಿಯೂ ಹೆಚ್ಚುಕಡಿಮೆ ಹೀಗೇ ಹೇಳುತ್ತೆ. ಆದರೆ ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಥರದ ಹಚ್ಚೋ ಔಷಧಿಗೆ ಗಟ್ಟಿ ಪುರಾವೆ ಇದೆ. ಅವಕ್ಕೂ ಎರಡು-ಮೂರು ತಿಂಗಳು ಸಮಯ ಕೊಡಬೇಕು.

ನೋವಿರೋ ಗಂಟು, ಗುಳಿ ಬೀಳ್ತಿರೋ ಕಲೆ ಇದ್ದರೆ ತಡ ಮಾಡದೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕಲೆ ಒಂದು ಸಲ ಕೂತರೆ ಪಥ್ಯಕ್ಕೆ ಬಗ್ಗಲ್ಲ. ಮುಟ್ಟು ಏರುಪೇರು, ಗಲ್ಲದ ಮೇಲೆ ಒರಟು ಕೂದಲು ಇದ್ದರೆ ಪಿಸಿಒಎಸ್ ಇರಬಹುದು, ಅದನ್ನ ಪರೀಕ್ಷೆ ಮಾಡಿಸಿ. ಅಂಗಡಿಯವರು ಕೊಟ್ಟರು ಅಂತ ಸ್ಟೆರಾಯ್ಡ್ ಇರೋ "ಬೆಳ್ಳಗಾಗೋ" ಕ್ರೀಮು ಹಚ್ಚಬೇಡಿ. ಮೊದಲ ವಾರ ಮುಖ ತಿಳಿಯಾಗುತ್ತೆ, ಆಮೇಲೆ ಚರ್ಮ ತೆಳುವಾಗಿ ಮೊಡವೆ ಇನ್ನೂ ಕೆರಳುತ್ತೆ. ಐಸೊಟ್ರೆಟಿನಾಯಿನ್ ಮಾತ್ರೆಯಂತೂ ಡಾಕ್ಟರ್ ಕಣ್ಗಾವಲಿಲ್ಲದೆ ಬೇಡವೇ ಬೇಡ. ಗರ್ಭದಲ್ಲಿರೋ ಮಗುವಿಗೆ ಅದು ತೀವ್ರ ಹಾನಿ ಮಾಡುತ್ತೆ.

ಕೊನೆಯದಾಗಿ ಒಂದು ಮಾತು ಮನೆಯವರಿಗೆ, ಗೆಳೆಯರಿಗೆ. ಮುಖದಲ್ಲಿ ಮೊಡವೆ ಇರೋರು ತಟ್ಟೆ ಮುಂದೆ ಕೂತಾಗ "ಇದನ್ನ ತಿಂದಿದ್ದಕ್ಕೇ ಹೀಗಾಗಿದ್ದು" ಅಂತ ಅನ್ನಬೇಡಿ. ಅವರಿಗೆ ಕನ್ನಡಿ ದಿನಾ ಹೇಳ್ತಿರುತ್ತೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಆಪಾದನೆ ಕೇಳಿ ಕೇಳಿ, ಒಂದೊಂದೇ ತುತ್ತು ಬಿಡ್ತಾ ಹೋಗ್ತಾರೆ. ನಾನೂ ಮೈಕ್ ಹಿಡ್ಕೊಂಡು ಅದನ್ನೇ ಮಾಡಿದ್ದು.

ಆ ಹುಡುಗಿ ಇದನ್ನೆಲ್ಲ ಹೇಳೋಕೆ ಒಪ್ಪಿಗೆ ಕೊಟ್ಟಿದ್ದಾಳೆ, ಹೆಸರು ಬೇಡ ಅಂದಳು. ಈಗ ಕಬ್ಬಿಣಾಂಶದ ಮಾತ್ರೆ ತಗೊಳ್ತಿದ್ದಾಳೆ, ಮುಖಕ್ಕೆ ಡಾಕ್ಟರ್ ಕೊಟ್ಟ ಜೆಲ್ ಹಚ್ತಿದ್ದಾಳೆ. ಮೊಡವೆ ಇನ್ನೂ ಪೂರ್ತಿ ಹೋಗಿಲ್ಲ. ಭಾನುವಾರ ಮೆಸ್‌ನಲ್ಲಿ ಮೊಸರನ್ನಕ್ಕೆ ಹುರಿದ ಶೇಂಗಾ ಹಾಕ್ಕೊಂಡು ತಿಂದೆ ಅಂತ ಫೋಟೋ ಕಳಿಸಿದ್ದಳು. ತಟ್ಟೆ ಖಾಲಿಯಾಗಿತ್ತು.

ಹಳೇ ಸಂಚಿಕೆಯನ್ನ ನೀವು ಯಾರಿಗಾದರೂ ಕಳಿಸಿದ್ದರೆ ದಯವಿಟ್ಟು ಇದನ್ನೂ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೆ ಹೊಟ್ಟೆ ತುಂಬ ಊಟ ಮಾಡಿ. ನಮಸ್ಕಾರ.